ಬಿಸಿಯಾದ ಮೇಲೆ ನಿಲ್ಲುವ ಬೈಕು, ಸುಮ್ನೆ ಬದಲಾಗುವ ಸಿಡಿಐ

ಚಿಕ್ಕಮಗಳೂರಲ್ಲಿ ಮಳೆ ಹಿಡಿಯಿತು ಅಂದರೆ ನನಗೆ ಬರುವ ಪ್ರಶ್ನೆಗಳೂ ಶುರು. ಹೆಚ್ಚಿನವು ಒಂದೇ ಥರ. "ಪ್ಲಗ್ ಹಾಕಿಸಿದೆ, ಕಾಯಿಲ್ ಹಾಕಿಸಿದೆ, ಸಿಡಿಐ ಹಾಕಿಸಿದೆ, ಆದ್ರೂ ಗಾಡಿ ನಿಲ್ತಿದೆ." (ಕಾಯಿಲ್ ಅಂದರೆ ಪ್ಲಗ್ಗಿಗೆ ಬೇಕಾದ ಹೈ ವೋಲ್ಟೇಜ್ ಮಾಡುವುದು, ಸಿಡಿಐ ಅಂದರೆ ಸ್ಪಾರ್ಕ್ ಯಾವಾಗ ಹಾರಬೇಕು ಅಂತ ನಡೆಸುವ ಎಲೆಕ್ಟ್ರಾನಿಕ್ ಡಬ್ಬಿ.) ಟೆಸ್ಟ್ ಮಾಡಿದ್ರಾ ಅಂತ ಕೇಳಿದರೆ ಮಾತಿಲ್ಲ. ಅದಕ್ಕೇ ಈ ಸಲ ಎಲ್ಲ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಪ್ಲಗ್ ಬಿಚ್ಚುವುದು, ಮಲ್ಟಿಮೀಟರ್ ಹಿಡಿಯುವುದು ಹೇಗೆ ಅಂತ ಇಲ್ಲಿ ಹೇಳಿಕೊಡುವುದಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೈ ಹಾಕಿ.

ಪ್ರಶ್ನೆ: ನನ್ನದು ಹಳೆಯ 125 ಸಿಸಿ ಬೈಕ್, ಕಾರ್ಬುರೇಟರ್ ಮಾಡೆಲ್. ಆಲ್ದೂರಿನಿಂದ ಚಿಕ್ಕಮಗಳೂರಿಗೆ ಹೊರಟರೆ ಅರ್ಧ ದಾರಿ ಚೆನ್ನಾಗಿ ಬರುತ್ತದೆ. ಆಮೇಲೆ ಮಿಸ್ಸಿಂಗ್ ಶುರುವಾಗಿ ಆಫ್ ಆಗುತ್ತದೆ. ಎಷ್ಟು ಕಿಕ್ ಹೊಡೆದರೂ ಏಳುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಪ್ಲಗ್, ಸಿಡಿಐ ಎರಡೂ ಹೊಸದು. ಗ್ಯಾರೇಜಿನಲ್ಲಿ ನೋಡಿದಾಗೆಲ್ಲ ಸ್ಪಾರ್ಕ್ ಸರಿಯಾಗೇ ಇದೆ. ಈಗ ವೈರಿಂಗ್ ಪೂರ್ತಿ ಬದಲಿಸಬೇಕು ಅಂತಾರೆ. ಬದಲಿಸಲಾ?

ಬೇಡ. ವೈರಿಂಗ್ ಬಿಚ್ಚಿದರೆ ಇರುವ ಒಂದು ತೊಂದರೆಗೆ ಇನ್ನೆರಡು ಸೇರುತ್ತವೆ.

ಗ್ಯಾರೇಜಿನವರು ಸುಳ್ಳು ಹೇಳುತ್ತಿಲ್ಲ. ಗಾಡಿ ಅವರ ಹತ್ತಿರ ಬರುವ ಹೊತ್ತಿಗೆ ತಣ್ಣಗಾಗಿರುತ್ತದೆ, ಸ್ಪಾರ್ಕ್ ವಾಪಸ್ ಬಂದಿರುತ್ತದೆ. ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟ ಹಾಗೆ. ನಿಮ್ಮ ಬೈಕನ್ನು ನೋಡಬೇಕಾದ್ದು ಅದು ನಿಂತ ಜಾಗದಲ್ಲೇ, ನಿಂತ ಎರಡು ಮೂರು ನಿಮಿಷದೊಳಗೆ. ಒಂದು ಹೆಚ್ಚುವರಿ ಪ್ಲಗ್, ಒಂದು ಸ್ಪಾರ್ಕ್ ಟೆಸ್ಟರ್, ಒಂದು ಸಣ್ಣ ಮಲ್ಟಿಮೀಟರ್ ಸೀಟಿನ ಕೆಳಗೆ ಇಟ್ಟುಕೊಂಡು ಹೊರಡಿ. ನಿಂತ ಕೂಡಲೇ ಫೋನ್ ತೆಗೆದು ಮೆಕ್ಯಾನಿಕ್‌ನನ್ನು ಕರೆಯಬೇಡಿ, ಮೊದಲು ಇದನ್ನು ಮಾಡಿ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. 'ಸ್ಸ್' ಅಂತ ಗಾಳಿ ಒಳಗೆ ಎಳೆದ ಸದ್ದು ಬಂತಾ? ಸ್ವಲ್ಪ ಹೊತ್ತಿನಲ್ಲಿ ಗಾಡಿ ಎದ್ದಿತಾ? ಹಾಗಿದ್ದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯುವುದು ನಿಂತಿದೆ. ಕೆಸರು, ತುಕ್ಕು, ಸರ್ವಿಸ್ ಸ್ಟೇಷನ್ನಿನ ನೀರು ಎಲ್ಲ ಸೇರಿ ಆಗುವ ಕೆಲಸ ಇದು. ಲಕ್ಷಣ ಮಾತ್ರ ಕಾಯಿಲ್ ಹೋದ ಥರವೇ: ಒಂದಷ್ಟು ದೂರ ಓಡುತ್ತದೆ, ನಿಲ್ಲುತ್ತದೆ, ಬಿಟ್ಟರೆ ಏಳುತ್ತದೆ. ಈ ತೂತಿನಿಂದಾಗಿ ಎಷ್ಟು ಸಿಡಿಐ ಮಾರಾಟವಾಗಿವೆಯೋ ದೇವರಿಗೇ ಗೊತ್ತು.

ಅದಲ್ಲ ಅಂದರೆ ಸ್ಪಾರ್ಕ್ ನೋಡಿ. ಇಂಜಿನ್ನಿನ ಪ್ಲಗ್ ಬಿಚ್ಚಬೇಡಿ. ಹೆಡ್ ಸುಡುತ್ತಿರುತ್ತದೆ, ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಇನ್ನೂ ಒಂದು ಕಾರಣ ಇದೆ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುವಾಗ ಪಕ್ಕದಲ್ಲೇ ಸ್ಪಾರ್ಕ್ ಹೊಡೆಸುವವರಿಗೆ ಹುಬ್ಬು ಉಳಿಯುವುದಿಲ್ಲ. ಕ್ಯಾಪ್ ಮಾತ್ರ ಕಿತ್ತು, ಹೆಚ್ಚುವರಿ ಪ್ಲಗ್ ಅದಕ್ಕೆ ಸಿಕ್ಕಿಸಿ. ಪ್ಲಗ್ಗಿನ ಮೈಯನ್ನು ಇಂಜಿನ್ನಿನ ಬರಿ ಲೋಹಕ್ಕೆ ಕ್ಲಿಪ್ಪಿನಿಂದ ಒತ್ತಿ, ಕಾರ್ಬುರೇಟರ್‌ನಿಂದ ದೂರ. ಪೇಂಟ್ ಇರುವ ಜಾಗಕ್ಕೆ ಇಟ್ಟು "ಕರೆಂಟೇ ಇಲ್ಲ" ಅನ್ನಬೇಡಿ, ಅಲ್ಲಿ ಅರ್ತ್ ಆಗುವುದಿಲ್ಲ. ಆಮೇಲೆ ಕಿಕ್ ಹೊಡೆಯಿರಿ.

ಇಲ್ಲೇ ಎಲ್ಲರೂ ಎಡವುವುದು. ಹೊರಗೆ ಗಾಳಿಯಲ್ಲಿ 0.7 ಮಿಲಿಮೀಟರ್ ಗ್ಯಾಪ್ ದಾಟುವುದು ಸೋತ ಕಾಯಿಲಿಗೂ ಸುಲಭ. ಸಿಲಿಂಡರ್ ಒಳಗೆ ಗಾಳಿ ಒತ್ತಿಕೊಂಡಿರುವಾಗ ಅದೇ ಗ್ಯಾಪ್ ದಾಟಲು ಕೆಲವು ಪಟ್ಟು ಜಾಸ್ತಿ ವೋಲ್ಟೇಜ್ ಬೇಕು. ಅದಕ್ಕೇ ಗ್ಯಾಪ್ ಹಿಗ್ಗಿಸುವ ಸ್ಪಾರ್ಕ್ ಟೆಸ್ಟರ್ ತರಲು ಹೇಳಿದ್ದು. ಅದನ್ನು 6 ಮಿಲಿಮೀಟರ್‌ಗೆ ಇಟ್ಟು ನೋಡಿ. ನೀಲಿಯಾಗಿ ಚಟ್ ಚಟ್ ಅಂತ ಹಾರಿದರೆ ಇಗ್ನಿಷನ್ ಸರಿ ಇದೆ ಅಂತ ಒಪ್ಪಬಹುದು. ಹಳದಿ ಕೆಂಪು ಎಳೆಯಾಗಿ ಒಮ್ಮೆ ಬಂದು ಒಮ್ಮೆ ಬಾರದಿದ್ದರೆ ಅದು ಸ್ಪಾರ್ಕ್ ಲೆಕ್ಕಕ್ಕಿಲ್ಲ.

ಕೈಯಲ್ಲಿ ಹಿಡಿದು ನೋಡುವ ಶೂರರಿಗೆ ಒಂದು ಮಾತು. ಪ್ಲಗ್ ವೈರಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವೋಲ್ಟ್ ಇರುತ್ತದೆ. ಸಿಡಿಐಯಿಂದ ಕಾಯಿಲಿಗೆ ಹೋಗುವ ಸಣ್ಣ ವೈರಿನಲ್ಲೂ ಇನ್ನೂರು ಮುನ್ನೂರು ವೋಲ್ಟ್ ಇರುತ್ತದೆ. ಪೇಸ್‌ಮೇಕರ್ ಇರುವವರು ಈ ಕೆಲಸದ ಹತ್ತಿರವೂ ಬರಬೇಡಿ.

ನಿಂತ ಗಾಡಿಯಲ್ಲಿ ಸ್ಪಾರ್ಕ್ ಚೆನ್ನಾಗಿದೆ ಅಂದುಕೊಳ್ಳಿ. ಆಗ ಕಾಯಿಲ್, ಸಿಡಿಐ ಎಲ್ಲ ಮರೆತುಬಿಡಿ. ಪೆಟ್ರೋಲ್ ನೋಡಿ, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿ. ಕಿಕ್ಕರ್ ತುಳಿದರೆ ಹಗುರಾಗಿ ಇಳಿಯುತ್ತಿದೆಯಾ? ಟ್ಯಾಪೆಟ್, ಅಂದರೆ ವಾಲ್ವಿಗೆ ಬಿಡುವ ಸಂದಿ, ಟೈಟ್ ಆಗಿರಬಹುದು. ಬಿಸಿಗೆ ವಾಲ್ವ್ ಉದ್ದವಾಗಿ ಪೂರ್ತಿ ಮುಚ್ಚುವುದಿಲ್ಲ, ತಣ್ಣಗಾದರೆ ಮುಚ್ಚುತ್ತದೆ. ಮಾರನೇ ದಿನ ಬೆಳಗ್ಗೆ, ಇಂಜಿನ್ ತಣ್ಣಗಿರುವಾಗ, ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ ನೋಡಿಸಿ.

ಸ್ಪಾರ್ಕ್ ಇಲ್ಲ ಅಂದರೆ ಮಾತ್ರ ಮುಂದೆ ಓದಿ.

ನಿಮ್ಮ ಗಾಡಿಯ ಸಿಡಿಐ ಎಸಿಯೋ ಡಿಸಿಯೋ ಮೊದಲು ತಿಳಿದುಕೊಳ್ಳಿ. ಎಸಿ ಆದರೆ ಬ್ಯಾಟರಿ ಬೇಕಿಲ್ಲ, ಕೀ ಆಫ್ ಮಾಡಿದಾಗ ಒಂದು ವೈರ್ ಅರ್ತ್ ಆಗಿ ಸ್ಪಾರ್ಕ್ ನಿಲ್ಲುತ್ತದೆ. ಆ ವೈರನ್ನು ಸಿಡಿಐ ಹತ್ತಿರ ಕಳಚಿ ಕಿಕ್ ಹೊಡೆಯಿರಿ. ಸ್ಪಾರ್ಕ್ ಬಂದರೆ ಕೀ ಸ್ವಿಚ್ಚಿನಲ್ಲೋ ಆ ಒಂದು ವೈರಿನಲ್ಲೋ ದೋಷ, ಪೂರ್ತಿ ವೈರಿಂಗಿನಲ್ಲಲ್ಲ. ಆದರೆ ಆಮೇಲೆ ಇಂಜಿನ್ ಕೀಯಿಂದ ಆಫ್ ಆಗುವುದಿಲ್ಲ, ನೆನಪಿರಲಿ. ಡಿಸಿ ಆದರೆ ಈ ಆಟ ನಡೆಯುವುದಿಲ್ಲ. ಅಲ್ಲಿ ಸಿಡಿಐಗೆ ಬ್ಯಾಟರಿ ಕರೆಂಟ್ ಬರುತ್ತಿದೆಯಾ, ಸೆಲ್ಫ್ ಒತ್ತಿದಾಗ ಅದು ತೀರಾ ಕುಸಿಯುತ್ತಿದೆಯಾ ಅಂತ ಮೀಟರಿನಲ್ಲಿ ನೋಡಬೇಕು.

ಇಷ್ಟೆಲ್ಲ ಆದಮೇಲೆ ನನ್ನ ಅನುಮಾನ ಪಿಕಪ್ ಕಾಯಿಲ್ ಮೇಲೆ. ಪಲ್ಸರ್ ಕಾಯಿಲ್ ಅಂತಲೂ ಕರೆಯುತ್ತಾರೆ, ಸ್ಪಾರ್ಕ್ ಯಾವಾಗ ಬೇಕು ಅಂತ ಸಿಡಿಐಗೆ ಸಿಗ್ನಲ್ ಕೊಡುವುದು ಇದೇ. ಮ್ಯಾಗ್ನೆಟ್ ಪಕ್ಕ, ಇಂಜಿನ್ ಕವರಿನೊಳಗೆ ಬೇಯುತ್ತಾ ಕೂತಿರುವ ವಸ್ತು ಅದು. ಮನೆಯಿಂದ ಹೊರಡುವ ಮೊದಲು ಅದರ ಕನೆಕ್ಟರ್ ಬಿಚ್ಚಿ ಓಮ್ (ಕರೆಂಟಿಗೆ ಇರುವ ತಡೆಯ ಅಳತೆ) ಅಳೆದು ಬರೆದಿಟ್ಟುಕೊಳ್ಳಿ. ಎಷ್ಟೋ ಬೈಕುಗಳಲ್ಲಿ 100ರಿಂದ 300 ಓಮ್ ಒಳಗೆ ಇರುತ್ತದೆ, ನಿಮ್ಮದರ ಸರಿಯಾದ ಲೆಕ್ಕ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಗಾಡಿ ನಿಂತಾಗ ಮತ್ತೆ ಅಳೆಯಿರಿ. ತಣ್ಣಗೆ 200 ಇದ್ದದ್ದು ಬಿಸಿಗೆ 240 ತೋರಿಸಿದರೆ ಗಾಬರಿ ಬೇಡ. ತಾಮ್ರದ ತಂತಿಯೇ ಹಾಗೆ, 50 ಡಿಗ್ರಿ ಬಿಸಿ ಏರಿದರೆ ಸುಮಾರು 20 ಪರ್ಸೆಂಟ್ ಏರುತ್ತದೆ. ಇದನ್ನೇ ದೋಷ ಅಂತ ತೋರಿಸಿ ಕಾಯಿಲ್ ಮಾರುವವರಿದ್ದಾರೆ. ಮೀಟರ್ ಏನೂ ತೋರಿಸದೆ ಹೋದರೆ, ಅಥವಾ ಅಂಕಿ ನಿಲ್ಲದೆ ಕುಣಿದರೆ, ಆಗ ಕಳ್ಳ ಸಿಕ್ಕ.

ಅಷ್ಟಕ್ಕೇ ಕಾಯಿಲ್ ಬಿಸಾಡಬೇಡಿ. ಇಂಜಿನ್ ಕವರಿನಿಂದ ವೈರ್ ಹೊರಗೆ ಬರುವ ಕಡೆ ಒಂದು ರಬ್ಬರ್ ಬುಷ್ ಇದೆ. ಮೀಟರ್ ಹಾಗೇ ಇಟ್ಟುಕೊಂಡು ಅಲ್ಲಿ ವೈರನ್ನು ಎರಡು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹೊಸದರ ಹಾಗೆ ಹೊಳೆಯುತ್ತಿರುತ್ತದೆ, ಒಳಗೆ ತಾಮ್ರದ ಎಳೆ ತುಂಡಾಗಿರುತ್ತದೆ. ಬಗ್ಗಿಸಿದಾಗ ಅಂಕಿ ಬಂದು ಹೋದರೆ ವೈರ್ ಬೆಸುಗೆ ಹಾಕಿಸಿದರೆ ಸಾಕು.

ಪಿಕಪ್ ಸರಿ ಇದ್ದರೆ ಎಚ್‌ಟಿ ಕಾಯಿಲ್, ಅಂದರೆ ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್. ಅಳೆಯುವ ಮೊದಲು ಪ್ಲಗ್ ಕ್ಯಾಪ್ ತಿರುಗಿಸಿ ತೆಗೆಯಿರಿ. ಹೆಚ್ಚಿನ ಕ್ಯಾಪುಗಳ ಒಳಗೇ 5 ಕಿಲೋ ಓಮ್ ರೆಸಿಸ್ಟರ್ ಇರುತ್ತದೆ, ಲೆಕ್ಕ ತಪ್ಪುತ್ತದೆ. ಕ್ಯಾಪನ್ನೂ ಬೇರೆ ಅಳೆಯಿರಿ. ಕೆಲವೊಮ್ಮೆ ಕಳ್ಳ ಅಲ್ಲೇ ಇರುತ್ತಾನೆ. ಮೀಟರ್ ಕಾಯಿಲ್ ಸರಿ ಅಂದ ಮಾತ್ರಕ್ಕೆ ನಂಬಬೇಡಿ. ಮೀಟರ್ ಹಾಕುವುದು ಒಂದೆರಡು ವೋಲ್ಟ್. ಕಾಯಿಲ್ ಒಳಗಿನ ಇನ್ಸುಲೇಷನ್ ಸೋರುವುದು ಸಾವಿರಾರು ವೋಲ್ಟಿಗೆ. ಅದೇ ಮಾಡೆಲ್ಲಿನ ಓಡುವ ಬೈಕಿನಿಂದ ಕಾಯಿಲ್ ಕಡ ತಂದು ಹಾಕಿ, ಆಲ್ದೂರು ರಸ್ತೆಯಲ್ಲೇ ಓಡಿಸಿ ನೋಡುವುದು ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ.

ಸಿಡಿಐ ಕಟ್ಟಕಡೆಗೆ. ಅದರ ಪಿನ್ನುಗಳಿಗೆ ಮೀಟರ್ ಚುಚ್ಚಿ "ಹೋಗಿದೆ" ಅಂತ ತೀರ್ಪು ಕೊಡುವವರ ಹತ್ತಿರ ಮತ್ತೆ ಹೋಗಬೇಡಿ. ಒಳಗಿನ ಎಲೆಕ್ಟ್ರಾನಿಕ್ಸ್ ಹಾಗೆ ಗೊತ್ತಾಗುವುದಿಲ್ಲ. ಉಳಿದದ್ದೆಲ್ಲ ಸರಿ ಅಂತ ಖಾತ್ರಿಯಾದ ಮೇಲೆ ಉಳಿಯುವುದು ಅದೊಂದೇ. ನೀವು ಬಿಚ್ಚಿಸಿದ ಹಳೇ ಸಿಡಿಐ ಗ್ಯಾರೇಜಿನಲ್ಲಿ ಇನ್ನೂ ಇದ್ದರೆ ವಾಪಸ್ ಇಸ್ಕೊಳ್ಳಿ. ಅದು ಚೆನ್ನಾಗೇ ಇರುತ್ತದೆ.

ಪ್ರಶ್ನೆ: ಮಳೆ ಬಂದರೆ ಸ್ಕೂಟರ್ ಮಿಸ್ಸಿಂಗ್. ಪ್ಲಗ್ ವೈರಿಗೆ ಡೀಸೆಲ್ ಹಚ್ಚಿದರೆ ನೀರು ಹಿಡಿಯುವುದಿಲ್ಲವಂತೆ?

ಯಾರು ಹೇಳಿದರೋ ಅವರ ಸ್ಕೂಟರಿಗೇ ಹಚ್ಚಲು ಹೇಳಿ. ಡೀಸೆಲ್‌ಗೆ ರಬ್ಬರ್ ಉಬ್ಬುತ್ತದೆ, ಮೇಲೆ ಧೂಳು ಮೆತ್ತಿ ಕರೆಂಟಿಗೆ ಇನ್ನೊಂದು ದಾರಿ ಆಗುತ್ತದೆ.

ರಾತ್ರಿ ಶೆಡ್ಡಿನ ಲೈಟ್ ಆರಿಸಿ, ಬಾಗಿಲು ಮಾತ್ರ ತೆರೆದಿಡಿ, ಹೊಗೆ ಹೊರಗೆ ಹೋಗಲಿ. ಇಂಜಿನ್ ಓಡುತ್ತಿರಲಿ. ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯಿಂದ ಕಾಯಿಲ್, ವೈರ್, ಕ್ಯಾಪ್ ಮೇಲೆ ಸಣ್ಣಗೆ ನೀರು ಹೊಡೆಯಿರಿ, ಕೈ ದೂರ ಇರಲಿ. ಸೋರುವ ಜಾಗದಲ್ಲಿ ಎಳೆ ಎಳೆಯಾಗಿ ನೀಲಿ ಬೆಳಕು ಹರಿದಾಡುತ್ತದೆ, ಅದೇ ಹೊತ್ತಿಗೆ ಇಂಜಿನ್ ಮುಗ್ಗರಿಸುತ್ತದೆ. ಹೆಚ್ಚಾಗಿ ಕ್ಯಾಪ್ ಬುಡದಲ್ಲಿ ಕಾಣುತ್ತದೆ. ಇಂಜಿನ್ ಆಫ್ ಮಾಡಿ, ವೈರಿನ ತುದಿ ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಸ ಕ್ಯಾಪ್ ತಿರುಗಿಸಿ ಹಾಕಿ, ಒಳಗೆ ಸ್ವಲ್ಪ ಸಿಲಿಕಾನ್ ಗ್ರೀಸ್ ಸವರಿ.

ಪ್ರಶ್ನೆ: ಮುಳ್ಳಯ್ಯನಗಿರಿ ಹತ್ತುವಾಗ ಗಾಳಿ ತೆಳುವಾಗಿ ಸ್ಪಾರ್ಕ್ ಕಡಿಮೆ ಆಗುತ್ತಾ?

ಉಲ್ಟಾ. ಗಾಳಿ ತೆಳುವಾದಷ್ಟೂ ಸ್ಪಾರ್ಕ್ ಹಾರುವುದು ಸುಲಭ. ಹಳೇ ಕಾರ್ಬುರೇಟರ್ ಗಾಡಿಯ ಎಳೆತ ಕಡಿಮೆಯಾಗುವುದು ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ ಆಗಿ. ಬೆಟ್ಟದ ದಾರಿಯ ಕೈಮರ ದಾಟಿದ ಮೇಲೆ ಪ್ಲಗ್ ಬದಲಿಸಿಕೊಳ್ಳುವುದು ಬೇಡ.

ಪ್ರಶ್ನೆ: ಇರಿಡಿಯಂ ಪ್ಲಗ್ ಹಾಕಿದರೆ ಲೀಟರಿಗೆ 10 ಕಿಲೋಮೀಟರ್ ಜಾಸ್ತಿ ಬರುತ್ತದಂತೆ?

ಬರುವುದಿಲ್ಲ. ಬಾಳಿಕೆ ಬರುತ್ತದೆ, ಅಷ್ಟೇ.

ಪ್ರಶ್ನೆ: ಪ್ಲಗ್ಗನ್ನು ಮರಳು ಕಾಗದದಲ್ಲಿ ಉಜ್ಜಬಹುದಾ?

ಹೊಸ ಪ್ಲಗ್ ಬೆಲೆ ಕೇಳಿ ನೋಡಿ.

ಪ್ರಶ್ನೆ: ಬಿಎಸ್ 6 ಬೈಕಿನಲ್ಲಿ ಇಂಜಿನ್ ಓಡುತ್ತಿರುವಾಗಲೇ ಪ್ಲಗ್ ಕ್ಯಾಪ್ ಎಳೆದು ಟೆಸ್ಟ್ ಮಾಡಿದರು. ಈಗ ಇಂಜಿನ್ ವಾರ್ನಿಂಗ್ ಲೈಟ್ ಉರಿಯುತ್ತಿದೆ.

ಎಳೆದವರನ್ನೇ ಕೇಳಬೇಕಿತ್ತು. ಸ್ಪಾರ್ಕಿಗೆ ಅರ್ತ್ ದಾರಿ ಸಿಗದಿದ್ದರೆ ಆ ವೋಲ್ಟೇಜ್ ಕಾಯಿಲನ್ನೋ ಇಸಿಯುವನ್ನೋ (ಇಂಜಿನ್ ನಡೆಸುವ ಕಂಪ್ಯೂಟರ್) ಸುಡಬಹುದು. ಸ್ಕ್ಯಾನರ್ ಇರುವವರ ಹತ್ತಿರ ದೋಷದ ಕೋಡ್ ಓದಿಸಿ. ಕೋಡ್ ಅಳಿಸುವ ಮೊದಲು ಬರೆದುಕೊಳ್ಳಲು ಹೇಳಿ.

ಪ್ರಶ್ನೆ: ತೋಟದ ಹಳೇ ಪೆಟ್ರೋಲ್ ಜೀಪಿಗೆ ತಿಂಗಳಿಗೊಂದು ಪಾಯಿಂಟ್ ಸೆಟ್ (ಕಾಯಿಲಿನ ಕರೆಂಟ್ ಕಡಿದು ಸ್ಪಾರ್ಕ್ ಮಾಡಿಸುವ ಸ್ವಿಚ್) ಬೇಕಾಗುತ್ತಿದೆ.

ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ನೋಡಿ. ಅದರ ಅರ್ತ್ ಸ್ಕ್ರೂ ಟೈಟ್ ಇದೆಯಾ ನೋಡಿ. ಅಗ್ಗದ ಹೊಸ ಕಂಡೆನ್ಸರಿಗಿಂತ ಓಡುತ್ತಿರುವ ಹಳೆಯದೇ ವಾಸಿ.

ಪ್ರಶ್ನೆ: ಕಳೆ ಹೊಡೆಯುವ ಮಷಿನ್‌ಗೆ ಇದ್ದಕ್ಕಿದ್ದಂತೆ ಕರೆಂಟ್ ಇಲ್ಲ. ಕಾಯಿಲ್ ಹೋಗಿದೆ ಅಂತಾರೆ.

ಹೋಗಿರಬಹುದು. ಮೊದಲು ಸ್ಟಾಪ್ ಸ್ವಿಚ್ಚಿನ ವೈರನ್ನು ಕಾಯಿಲ್ ಹತ್ತಿರ ಕಳಚಿ ಹಗ್ಗ ಎಳೆಯಿರಿ. ಆ ವೈರ್ ಹ್ಯಾಂಡಲ್ ಪೈಪಿಗೆ ಉಜ್ಜಿ ಉಜ್ಜಿ ಸಿಪ್ಪೆ ಸವೆದು ಅರ್ತ್ ಆಗುತ್ತದೆ, ಮಷಿನ್ ಸದಾ ಆಫ್‌ನಲ್ಲೇ ಇದ್ದಂತೆ. ಕಳಚಿದಾಗ ಸ್ಪಾರ್ಕ್ ಬಂದರೆ ವೈರ್ ಬದಲಿಸಿ ಸ್ವಿಚ್ಚಿಗೆ ಮತ್ತೆ ಜೋಡಿಸಿ. ಸ್ವಿಚ್ ಇಲ್ಲದೆ ಆಳಿನ ಕೈಗೆ ಆ ಮಷಿನ್ ಕೊಡಬೇಡಿ, ಇಂಜಿನ್ ತಕ್ಷಣ ಆಫ್ ಮಾಡಲು ಅವನಿಗೆ ದಾರಿ ಇರುವುದಿಲ್ಲ.

ಆಗಲೂ ಬರದಿದ್ದರೆ ಫ್ಲೈವೀಲ್ ಮತ್ತು ಕಾಯಿಲ್ ಕಾಲುಗಳ ನಡುವಿನ ಸಂದಿ ನೋಡಿ. ಸುಮಾರು 0.3 ಮಿಲಿಮೀಟರ್ ಇರಬೇಕು. ಒಂದು ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ಸ್ಕ್ರೂ ಬಿಗಿದು ಕಾರ್ಡ್ ಎಳೆದುಕೊಂಡರೆ ಆಯಿತು. ಮ್ಯಾಗ್ನೆಟ್ ಮೇಲೆ ತುಕ್ಕು ಇದ್ದರೆ ಒರೆಸಿ. ಇಷ್ಟಾದ ಮೇಲೂ ಇಲ್ಲ ಅಂದರೆ ಕಾಯಿಲ್ ತನ್ನಿ. ಸ್ಪಾರ್ಕ್ ಬಂದೂ ಮಷಿನ್ ಏಳದೆ ಹಗ್ಗ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಹೊಡೆದರೆ ಫ್ಲೈವೀಲಿನ ಕೀ ತುಂಡಾಗಿ ಟೈಮಿಂಗ್ ಸರಿದಿದೆ. ಅದಕ್ಕೆ ಯಾವ ಕಾಯಿಲ್ ತಂದರೂ ಪ್ರಯೋಜನವಿಲ್ಲ.