ಕಾಪುವಿನ ಅಕ್ಕನಿಗೆ

ಕಾಪುವಿನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಯಜಮಾನರಿಗೆ 64 ವರ್ಷ. ಏಳು ತಿಂಗಳ ಹಿಂದೆ ಮಂಗಳೂರಿನಲ್ಲಿ ಬೈಪಾಸ್ ಆಯಿತು. ಈಗ ಮೆಟ್ಟಿಲು ಹತ್ತಿದರೆ ಮತ್ತೆ ಎದೆ ಹಿಡಿದುಕೊಳ್ಳುತ್ತದೆ. ಎದೆಯ ರಕ್ತನಾಳ ಜೋಡಿಸಿದ ಕಡೆಯೇ ಬ್ಲಾಕ್ ಇದೆ, ಬಲೂನ್ ಹಾಕೋಣ ಅಂದರು. ಪಕ್ಕದ ಮನೆಯವರಿಗೆ ಹನ್ನೆರಡು ವರ್ಷದ ಗ್ರಾಫ್ಟ್‌ಗೆ ಬಲೂನ್ ಹಾಕುವಾಗ ತುಂಬ ಕಷ್ಟವಾಗಿತ್ತು. ನಮ್ಮ ಆಪರೇಷನ್ ಸುಮ್ನೆ ಹೋಯ್ತಾ?"

ಇಲ್ಲ ಅಕ್ಕಾ, ಸುಮ್ನೆ ಹೋಗಿಲ್ಲ. ನಿಮ್ಮ ಕಾಗದ ಹಿಡಿದುಕೊಂಡು ಪರಿಚಯದ ಹೃದ್ರೋಗ ತಜ್ಞರ ಹತ್ತಿರ ಹೋಗಿ ಕೇಳಿ ಬಂದೇ ಬರೆಯುತ್ತಿದ್ದೇನೆ.

ಪಕ್ಕದ ಮನೆಯವರ ಗ್ರಾಫ್ಟ್, ಅಂದರೆ ಬೈಪಾಸ್‌ನಲ್ಲಿ ಜೋಡಿಸಿದ ನಾಳ, ಬಹುಶಃ ಕಾಲಿನಿಂದ ತೆಗೆದ ಅಭಿಧಮನಿ. ಅದು ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ; ಹೃದಯದಿಂದ ರಕ್ತ ಒಯ್ಯುವ ಅಪಧಮನಿಯ ಒತ್ತಡಕ್ಕೆ ಹುಟ್ಟಿದ್ದಲ್ಲ. ಹತ್ತು ವರ್ಷದಲ್ಲಿ ಅಂಥವುಗಳಲ್ಲಿ ಸುಮಾರು ಅರ್ಧ ಮುಚ್ಚುತ್ತವೆ ಇಲ್ಲವೇ ಹಾಳಾಗುತ್ತವೆ. ಒಳಗೆ ಮೆತ್ತನೆಯ ಕೊಬ್ಬು ಕೂತಿರುತ್ತದೆ. ಬಲೂನ್ ಉಬ್ಬಿಸಿದರೆ ಅದರ ಚೂರು ಕೆಳಗೆ ಹರಿದು ಹೃದಯದ ಸಣ್ಣ ನಾಳಗಳನ್ನು ಕಟ್ಟಬಹುದು. ಭಯ ಇರುವುದು ಅಲ್ಲಿ.

ನಿಮ್ಮವರಿಗೆ ಹಾಕಿದ್ದು ಎದೆಗೂಡಿನ ಒಳಗಿನ ಎಡ ಅಪಧಮನಿ. ಸೋವಿಯತ್ ಶಸ್ತ್ರವೈದ್ಯ ವಸಿಲಿ ಕೊಲೆಸೊವ್ 1964ರಲ್ಲೇ ಲೆನಿನ್‌ಗ್ರಾಡ್‌ನಲ್ಲಿ ಇದನ್ನು ಹೃದಯಕ್ಕೆ ಜೋಡಿಸಿದ್ದರು. ಹತ್ತು ವರ್ಷ ಕಳೆದರೂ ಹತ್ತರಲ್ಲಿ ಒಂಬತ್ತು ತೆರೆದೇ ಇರುತ್ತವೆ. ಇದರ ಒಳಪದರ ನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಚೆನ್ನಾಗಿ ತಯಾರಿಸುತ್ತದೆ, ಕೊಬ್ಬು ಸುಲಭವಾಗಿ ಹಿಡಿಯುವುದಿಲ್ಲ. ಕೆಲವೇ ತಿಂಗಳಲ್ಲಿ ಕಿರಿದಾದರೆ ಅದು ಹೆಚ್ಚಾಗಿ ಹೊಲಿಗೆ ಹಾಕಿದ ಜಾಗದಲ್ಲಿ, ಗಾಯ ಮಾಯುವಾಗ ಬೆಳೆದ ಅಂಗಾಂಶದಿಂದ.

ಅಂಥ ಜಾಗವನ್ನು ಬಲೂನ್ ಚೆನ್ನಾಗಿ ಬಿಡಿಸುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಸಲ ಕೆಲಸ ಆಗುತ್ತದೆ. ಚೂರು ಹರಿಯುವ ಕಾಟವೂ ಕಡಿಮೆ. ಇನ್ನೊಂದು ವಿಷಯ ನನಗೇ ಹೊಸದು. ಜೋಡಿಸಿದ ಜಾಗದಲ್ಲಿ ಬರೀ ಬಲೂನ್ ಹಾಕಿದವರಿಗಿಂತ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿದವರಿಗೇ ಮತ್ತೆ ಚಿಕಿತ್ಸೆ ಜಾಸ್ತಿ ಬೇಕಾಯಿತು ಎಂದು ಹಳೆಯ ಕೆಲವು ವರದಿಗಳು ಹೇಳಿವೆ. ಹಾಗಂತ ಸ್ಟೆಂಟ್ ಬೇಡವೇ ಬೇಡ ಎಂದು ಹಟ ಹಿಡಿಯಬೇಡಿ. ಅವು ಹಳೇ ಮಾದರಿಯ ಸ್ಟೆಂಟ್‌ಗಳು, ಕಷ್ಟದ ಬ್ಲಾಕ್ ಇದ್ದವರಿಗೇ ಸ್ಟೆಂಟ್ ಹಾಕಿರಬಹುದು. ನಾಳ ಸೀಳಿದರೆ, ಅಥವಾ ಬ್ಲಾಕ್ ನಡುವಿನಲ್ಲೋ ಬುಡದಲ್ಲೋ ಇದ್ದರೆ ಸ್ಟೆಂಟೇ ಬೇಕಾಗುತ್ತದೆ. "ಬಲೂನ್ ಒಂದರಲ್ಲೇ ಆಗಬಹುದಾ?" ಎಂದು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಕಷ್ಟ ಇರುವುದು ದಾರಿಯಲ್ಲಿ. ಈ ನಾಳ ಉದ್ದ, ಸುತ್ತಿ ಬಳಸಿ ಹೋಗುತ್ತದೆ. ಬಲೂನ್ ಸಾಗಿಸುವ ತಂತಿ ಒಳಗೆ ಹೋದಾಗ ನಾಳ ಮುದುಡಿ, ಇಲ್ಲದ ಬ್ಲಾಕ್ ಕಾಣಿಸುವುದೂ ಇದೆ. ಅದಕ್ಕೇ ಇಂಥ ಗ್ರಾಫ್ಟ್‌ಗಳಲ್ಲಿ ಕೈ ಪಳಗಿದವರು ಬೇಕು. ಎಡ ಮಣಿಕಟ್ಟಿನಿಂದ ಹೋದರೆ ದಾರಿ ಹತ್ತಿರ.

ಎರಡೂ ಕೈಯ ಬಿಪಿ ನೋಡಿಸಿದ್ದೀರಾ? ಈ ಗ್ರಾಫ್ಟಿನ ಬುಡ ಎಡಗೈಗೆ ಹೋಗುವ ದೊಡ್ಡ ನಾಳದಲ್ಲಿದೆ. ಆ ನಾಳ ಕಿರಿದಾಗಿದ್ದರೆ ಎಡಗೈಯ ಬಿಪಿ ಕಡಿಮೆ ತೋರಿಸುತ್ತದೆ, ಗ್ರಾಫ್ಟ್ ಚೆನ್ನಾಗಿದ್ದರೂ ಹೃದಯಕ್ಕೆ ರಕ್ತ ಸಾಲುವುದಿಲ್ಲ.

ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ ಏನು ಕೊಟ್ಟಿದ್ದಾರೋ ಅದನ್ನು ನೀವಾಗಿ ನಿಲ್ಲಿಸಬೇಡಿ. ಕೂತಲ್ಲೇ ನೋವು ಬಂದರೆ, ಬೆವರಿದರೆ, ಗ್ಯಾಸ್ ಇರಬೇಕು ಎಂದು ಜೀರಿಗೆ ಕಷಾಯ ಕೊಟ್ಟು ಕಾಯಬೇಡಿ. ಮಧ್ಯರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಬಲೂನ್ ಮುಗಿಸಿ ಮನೆಗೆ ಬಂದ ಮೇಲೆ ಯಜಮಾನರು ಹೇಗಿದ್ದಾರೆಂದು ಎರಡು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.

– ಸಂಪಾದಕ