ಕಷಾಯ ಪುಡಿಯ ವ್ಯಾಪಾರಕ್ಕೆ ಮೊದಲು ಶುಂಠಿಯನ್ನು ತೂಗಿ ನೋಡಿ

ಕೆಲಸ ಬಿಟ್ಟು ಊರಿನ ಮನೆಯಲ್ಲೇ ಹರ್ಬಲ್ ಟೀ, ಕಷಾಯ ಪುಡಿ, ಬಾಳೆಕಾಯಿ ಹುಡಿ ತಯಾರಿಸಿ ಆನ್‌ಲೈನಿನಲ್ಲಿ ಮಾರಬೇಕೆಂದಿದ್ದೀರಿ. ಅದಕ್ಕೆ ಯಾವ ಪ್ಯಾಕಿಂಗ್ ಒಳ್ಳೆಯದೆಂದು ಕೇಳಿದ್ದೀರಿ. ನಾನೂ ಪ್ಯಾಕಿಂಗಿನಿಂದಲೇ ಆರಂಭಿಸಿದವಳು. ಚೀಲದ ಮೇಲಿನ ಚಿತ್ರ ಹೇಗಿರಬೇಕೆಂದು ಯೋಚಿಸುವುದರಲ್ಲಿ ಒಂದು ತಿಂಗಳು ಕಳೆದಿದ್ದೆ. ಚೀಲದೊಳಗೆ ಹೋಗುವ ಶುಂಠಿ ಒಣಗಿದೆಯೇ ಎಂದು ನೋಡಲು ಐದು ನಿಮಿಷವನ್ನೂ ಕೊಟ್ಟಿರಲಿಲ್ಲ.

ನಮ್ಮದು ಶಿರಸಿಯ ಕಡೆಯ ಒಂದು ಹಳ್ಳಿ. ಮನೆಗೆ ಯಾರೇ ಬಂದರೂ "ಆಸರಿಗೆ ಎಂತ ಬೇಕು, ಕಷಾಯವೋ ಚಹಾವೋ" ಎಂದು ಕೇಳುವುದು ನಮ್ಮಲ್ಲಿ ಪದ್ಧತಿ. ಹವೀಜ (ಕೊತ್ತಂಬರಿ ಬೀಜ), ಜೀರಿಗೆ, ಕಾಳುಮೆಣಸು, ಸ್ವಲ್ಪ ಮೆಂತ್ಯ, ಒಣಶುಂಠಿ, ಏಲಕ್ಕಿ ಇವಿಷ್ಟರ ಪುಡಿಯನ್ನು ಬೆಲ್ಲ, ಹಾಲಿನೊಂದಿಗೆ ಕುದಿಸಿದರೆ ಆಯಿತು. 2020ರಲ್ಲಿ ಕೊರೊನಾ ಬಂದು, ಆಯುಷ್ ಸಚಿವಾಲಯವೂ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಒಣಶುಂಠಿಯ ಕಷಾಯ ಕುಡಿಯಿರಿ ಎಂದು ಸಲಹೆ ಕೊಟ್ಟ ಮೇಲೆ, ಅಲ್ಲಿಯವರೆಗೆ ನಮ್ಮನ್ನು ಕಷಾಯದವರೆಂದು ತಮಾಷೆ ಮಾಡುತ್ತಿದ್ದ ಬೆಂಗಳೂರಿನ ಸ್ನೇಹಿತರೇ ಪುಡಿ ಕಳುಹಿಸಲು ಕೇಳತೊಡಗಿದರು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಾನು ಕಳುಹಿಸಿದ ಪುಡಿಯ ಬಗ್ಗೆ ಒಂದು ದೂರೂ ಬರಲಿಲ್ಲ. ಅದು ನನ್ನ ಜಾಣತನವೆಂದು ನಂಬಿದ್ದೆ. ಅದು ಬಿಸಿಲಿನ ಪುಣ್ಯ ಎಂದು ತಿಳಿದದ್ದು ಆಮೇಲೆ.

ಜೂನ್ ಕೊನೆಯಲ್ಲಿ ಬೆಂಗಳೂರಿನ ಒಂದು ಅಂಗಡಿಯಿಂದ 60 ಕಿಲೋ ಪುಡಿಗೆ ಬೇಡಿಕೆ ಬಂದಿತು: ಕಾಲು ಕಿಲೋದ 240 ಚೀಲಗಳು, ಒಂದಕ್ಕೆ 150 ರೂಪಾಯಿ. ಮನೆಯಲ್ಲಿದ್ದ ಒಣಶುಂಠಿ ಮುಗಿದಿತ್ತು. ಪೇಟೆಯ ಒಣಶುಂಠಿಯ ಮೇಲೆ ನಂಬಿಕೆ ಇಲ್ಲದೆ 24 ಕಿಲೋ ಹಸಿಶುಂಠಿ ತಂದು, ಹೆಚ್ಚಿ, ಒಲೆಯ ಮೇಲಿನ ಅಟ್ಟದಲ್ಲಿ ಐದು ದಿನ ಹರಡಿದೆ. ಜುಲೈಯಲ್ಲಿ ಪುನರ್ವಸು ಮಳೆ ಹಿಡಿದ ಎರಡನೆಯ ದಿನ ಎಲ್ಲವನ್ನೂ ಗಿರಣಿಗೆ ಒಯ್ದು ಪುಡಿ ಮಾಡಿಸಿ, ಅಂದು ರಾತ್ರಿಯೇ ಚೀಲಗಳಿಗೆ ತುಂಬಿ ಸೀಲ್ ಮಾಡಿದೆ. ಹತ್ತೊಂಬತ್ತನೆಯ ದಿನ ಅಂಗಡಿಯವರು ಒಂದು ಫೋಟೋ ಕಳುಹಿಸಿದರು. ಪುಡಿ ಕಾಣಲೆಂದು ನಾನೇ ಆಸೆಯಿಂದ ಮಾಡಿಸಿದ್ದ ಪಾರದರ್ಶಕ ಕಿಟಕಿಯ ಒಳಗೆ, ಗಂಟು ಕಟ್ಟಿದ ಪುಡಿಯ ಮೇಲೆ, ಬೂದುಬಣ್ಣದ ಎಳೆಗಳು ಹತ್ತಿಯಂತೆ ಹಬ್ಬಿದ್ದವು.

ಈ ತಪ್ಪನ್ನು ನಾನು ಮೂರು ಹಂತಗಳಲ್ಲಿ ಅರ್ಥ ಮಾಡಿಕೊಂಡೆ. ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲಿಗೆ, ಬಿಸಿ ಪುಡಿಯನ್ನು ತುಂಬಿದ್ದೇ ಕಾರಣವೆಂದುಕೊಂಡೆ. ಗಿರಣಿಯಿಂದ ಬಂದ ಪುಡಿಯೊಳಗೆ ಕೈ ಇಟ್ಟುಕೊಳ್ಳಲು ಆಗದಷ್ಟು ಶಾಖವಿತ್ತು. ಬಿಸಿಯಿದ್ದಾಗಲೇ ಬಾಯಿ ಮುಚ್ಚಿದರೆ ಪುಡಿಯಿಂದ ಹೊರಟ ಆವಿ ರಾತ್ರಿಯ ತಂಪಿಗೆ ಚೀಲದ ಒಳಮೈಯಲ್ಲಿ ಹನಿಯಾಗಿ ಮತ್ತೆ ಪುಡಿಯ ಮೇಲೇ ಬೀಳುತ್ತದೆ. ಹೊರಗಿನ ತೇವವನ್ನು ಒಳಗೆ ಬಿಡದ ದುಬಾರಿ ಚೀಲ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ ಎಂಬ ಸರಳ ಸಂಗತಿ ನನಗೆ ಹೊಳೆದಿರಲಿಲ್ಲ. "ರಾತ್ರಿ ಪಂಚೆಯ ಮೇಲೆ ಹರಡಿ ಬೆಳಿಗ್ಗೆ ತುಂಬು" ಎಂದು ಅತ್ತೆಯವರು ಹೇಳಿದ್ದರು, ಕೇಳಿರಲಿಲ್ಲ.

ಆದರೆ ಅವರ ಮಾತು ಕೇಳಿದ್ದರೂ ಆ ಪುಡಿ ಉಳಿಯುತ್ತಿರಲಿಲ್ಲ. ಮರುವರ್ಷ ಜನವರಿಯ ಬಿಸಿಲಿನಲ್ಲಿ ಶುಂಠಿ ಒಣಗಿಸುವಾಗ, ಈ ಬಾರಿ ಐದು ಕಿಲೋ ಹಸಿಶುಂಠಿಗೆ ಸುಮಾರು ಒಂದು ಕಿಲೋ ಮಾತ್ರ ಒಣಶುಂಠಿ ಬಂದದ್ದನ್ನು ನೋಡಿ ಹಳೆಯ ಲೆಕ್ಕದ ಪುಸ್ತಕ ತೆಗೆದೆ. ಜುಲೈಯಲ್ಲಿ 24 ಕಿಲೋಗೆ ಆರೂವರೆ ಕಿಲೋ ಬಂದಿತ್ತು. ಪಕ್ಕದಲ್ಲಿ ನನ್ನದೇ ಕೈಬರಹದಲ್ಲಿ "ಒಳ್ಳೆಯ ಇಳುವರಿ" ಎಂದಿತ್ತು! ಐದು ಕಿಲೋಗಿಂತ ಕಡಿಮೆ ಬರಬೇಕಾಗಿದ್ದ ಕಡೆ ಹೆಚ್ಚಾಗಿ ಬಂದ ಆ ಒಂದೂವರೆ ಕಿಲೋಗೂ ಮಿಕ್ಕಿದ ತೂಕ ಬರಿಯ ನೀರು. ಸಿಪ್ಪೆ ಕೆರೆಯದೆ ಹೆಚ್ಚಿದ್ದರಿಂದ ತುಂಡುಗಳು ಹೊರಗೆ ಕಟ್ಟಿಗೆಯಂತೆ ಗಟ್ಟಿಯಾಗಿ ಒಳಗೆ ಹಸಿಯಾಗಿಯೇ ಉಳಿದಿದ್ದವು. ಹವೀಜ, ಜೀರಿಗೆಗಳನ್ನು ಎಷ್ಟು ಹದವಾಗಿ ಹುರಿದರೇನು, ಅವು ಆ ನೀರನ್ನು ಹೀರಿಕೊಂಡವು.

ಮೂರನೆಯದು, ಮತ್ತು ನನ್ನ ಮಟ್ಟಿಗೆ ನಿಜವಾದ ತಪ್ಪು, ಆ ತಿಂಗಳಲ್ಲಿ ಪುಡಿ ಮಾಡಲು ಒಪ್ಪಿಕೊಂಡದ್ದು. ಆ ಮಳೆಯಲ್ಲಿ ಬಿಸಿ ಪುಡಿಯನ್ನು ತುಂಬಿದರೆ ಒಳಗೆ ಬೆವರುತ್ತದೆ, ಆರಲೆಂದು ಹರಡಿದರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅಡಿಕೆ ಡ್ರೈಯರ್ ಇರುವವರಿಗೆ ಬೇರೆ ದಾರಿಯಿದೆ, ನನಗಿರಲಿಲ್ಲ. "ಸೆಪ್ಟೆಂಬರ್ ಮುಗಿಯುವವರೆಗೆ ಆಗುವುದಿಲ್ಲ" ಎಂದು ಅಂಗಡಿಯವರಿಗೆ ಹೇಳುವ ಧೈರ್ಯವಿದ್ದಿದ್ದರೆ 36,000 ರೂಪಾಯಿಯನ್ನು ಹಿಂದಿರುಗಿಸಬೇಕಾಗಿರಲಿಲ್ಲ. ಸಾಮಗ್ರಿ, ಚೀಲ, ಸಾಗಣೆಯ ಖರ್ಚು ಬೇರೆ. ಬೂಸ್ಟು ಹಿಡಿದ ಮಸಾಲೆಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ಒಂದು ಚಮಚವನ್ನೂ ಉಳಿಸಿಕೊಳ್ಳದೆ ಎಲ್ಲವನ್ನೂ ಹೊಂಡ ತೋಡಿ ಹುಗಿದೆವು. ಆ ಅಂಗಡಿಯವರು ಮತ್ತೆಂದೂ ಕರೆ ಮಾಡಲಿಲ್ಲ, ಅವರ ತಪ್ಪೇನೂ ಇಲ್ಲ.

ಆದ್ದರಿಂದ ಯಾವ ಪ್ಯಾಕಿಂಗ್ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈಗ ನಾನು ಶುಂಠಿಯ ಸಿಪ್ಪೆ ಕೆರೆದು ಜನವರಿ, ಫೆಬ್ರವರಿಯಲ್ಲೇ ವರ್ಷಕ್ಕಾಗುವಷ್ಟು ಒಣಗಿಸಿ, ಹಸಿಯಾಗಿದ್ದಾಗ ಒಮ್ಮೆ, ಒಣಗಿದ ಮೇಲೆ ಒಮ್ಮೆ ತೂಗಿ ಬರೆದಿಡುತ್ತೇನೆ. ತುಂಡು ಬಾಗದೆ ಟಕ್ಕೆಂದು ಮುರಿಯಬೇಕು. ಬಾಳೆಕಾಯಿಯ ಹೋಳಿಗೂ ಇದೇ ಪರೀಕ್ಷೆ. 2021ರಲ್ಲಿ "ಬಾಕಾಹು" ಎಂದು ಬಾಳೆಕಾಯಿ ಹುಡಿ ಹೆಸರು ಮಾಡಿದಾಗ ಅದಕ್ಕೂ ಕೈ ಹಾಕಿದ್ದೆ, ಶುಂಠಿ ಕಲಿಸಿದ ಪಾಠದಿಂದ ಅದು ಕೆಡಲಿಲ್ಲ. ಪ್ರತಿ ಸಲದ ಪುಡಿಯಲ್ಲಿ ಎರಡು ಚೀಲಗಳನ್ನು ಮನೆಯಲ್ಲೇ ಇಟ್ಟುಕೊಂಡು ಒಂದನ್ನು ತಿಂಗಳಿಗೆ, ಇನ್ನೊಂದನ್ನು ಮೂರು ತಿಂಗಳಿಗೆ ಒಡೆದು ನೋಡುತ್ತೇನೆ. ಮಳೆಗಾಲದಲ್ಲಿ ಗಿರಣಿಗೆ ಹೋಗುವುದಿಲ್ಲ.

ಕೆಲಸ ಬಿಡಬೇಡಿ. ಕನಿಷ್ಠ ಒಂದು ಮಳೆಗಾಲವನ್ನು ನಿಮ್ಮ ಪುಡಿ ದಾಟಲಿ, ಆಮೇಲೆ ನೋಡೋಣ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯನ್ನಂತೂ ಮೊದಲೇ ಮಾಡಿಸಿ. ನಾನು ಮಾಡಿಸಿದಾಗ 12 ಲಕ್ಷದೊಳಗಿನ ವಾರ್ಷಿಕ ವಹಿವಾಟಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ ಮಾತ್ರ ಇತ್ತು. ಯಂತ್ರ ಕೊಳ್ಳುವ ಕಾಲಕ್ಕೆ, ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆಂದು ಕೇಂದ್ರ ಸರ್ಕಾರ ತಂದ ಪಿಎಂಎಫ್ಎಂಇ ಯೋಜನೆಯ ಸಹಾಯಧನ ಈಗಲೂ ಸಿಗುತ್ತದೆಯೇ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ, ಸಿಗುವುದಾದರೆ ಸಾಲದ ಮೇಲೆ ಡ್ರೈಯರ್ ಕೊಳ್ಳಲು ಅದು ಒದಗುತ್ತದೆ.

ಹೆಸರಿನ ವಿಷಯದಲ್ಲಿ ನನ್ನದು ಹಟದ ಅಭಿಪ್ರಾಯ: ಹರ್ಬಲ್ ಟೀ ಎನ್ನಬೇಡಿ, ಕಷಾಯ ಎನ್ನಿ. ಚಹಾ ಗಿಡದ ಎಲೆಯಿಂದ ಆಗದ ಪೇಯಕ್ಕೆ ಟೀ ಎಂಬ ಹೆಸರು ಹಾಕುವಂತಿಲ್ಲವೆಂದು ಅದೇ ಪ್ರಾಧಿಕಾರ 2025ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಸ್ಪಷ್ಟಪಡಿಸದಿದ್ದರೂ ನನ್ನ ಮಾತು ಇದೇ ಆಗಿರುತ್ತಿತ್ತು. ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂದೆಲ್ಲ ಚೀಲದ ಮೇಲೆ ಬರೆಸಲೇಬೇಡಿ, ಅಂಥ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಸಿಹಿಗೆಂದು ಜೇಷ್ಠಮಧು ಸೇರಿಸುವುದಾದರೆ ಅದನ್ನು ದೊಡ್ಡ ಅಕ್ಷರದಲ್ಲಿ ನಮೂದಿಸಿ, ಏಕೆಂದರೆ ದಿನವೂ ಕುಡಿದರೆ ಅದು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ; ಕಷಾಯವನ್ನು ದಿನವೂ ಕುಡಿಯುವವರು ಹೆಚ್ಚಾಗಿ ಬಿಪಿ ಮಾತ್ರೆ ನುಂಗುವ ವಯಸ್ಸಿನವರೇ. ನಾನಂತೂ ಅದನ್ನು ಬಿಟ್ಟುಬಿಟ್ಟಿದ್ದೇನೆ, ಬೆಲ್ಲ ಇದೆಯಲ್ಲ.

ನಿಮ್ಮ ಊರು ಯಾವುದೆಂದು ನೀವು ಬರೆದಿಲ್ಲ. ಚಿತ್ರದುರ್ಗದ ಕಡೆಯ ಬಯಲುಸೀಮೆಯವರಾದರೆ ಜುಲೈ ತಿಂಗಳ ಬಗ್ಗೆ ನಾನು ಹೇಳಿದ್ದರಲ್ಲಿ ಅರ್ಧವನ್ನು ಬಿಟ್ಟುಬಿಡಬಹುದು. ಶುಂಠಿಯ ಸಿಪ್ಪೆಯನ್ನು ಮಾತ್ರ ಅಲ್ಲಿಯೂ ಕೆರೆಯಲೇಬೇಕು.