ಬೆಳ್ಳಿ ಡಬ್ಬಿಯ ಒಳಗೊಂದು ಜಾಲರಿ

ಪ್ರಶ್ನೆ: ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಳೆ. ಅಲ್ಲಿನ ಹಳೇ ಸಾಮಾನಿನ ಸಂತೆಯಿಂದ ಒಂದು ಬೆಳ್ಳಿ ಡಬ್ಬಿ ತಂದುಕೊಟ್ಟಳು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಮುಚ್ಚಳ ತೆಗೆದರೆ ಜಾಲರಿಯಂಥ ಇನ್ನೊಂದು ಮುಚ್ಚಳ, ಒಳಗೆಲ್ಲ ಹಳದಿ. ನಮ್ಮ ಅಕ್ಕಸಾಲಿಗರು ತೂಕ ಹಾಕಿ "ಇದರಲ್ಲಿ ಏನೂ ಇಲ್ಲಮ್ಮ" ಅಂದುಬಿಟ್ಟರು. ನಶ್ಯದ ಡಬ್ಬಿಯೇ? (ಶಿವಮೊಗ್ಗದ ಓದುಗರು)

ಉತ್ತರ: ನಶ್ಯದ ಡಬ್ಬಿಗೆ ಜಾಲರಿ ಯಾಕೆ ಬೇಕು ಹೇಳಿ! ಇದು ವಿನೆಗ್ರೆಟ್. ಸುವಾಸನೆ ಬೆರೆಸಿದ ವಿನೆಗರ್‌ನಲ್ಲಿ ಚೂರು ಸ್ಪಂಜು ನೆನೆಸಿ ಜಾಲರಿ ಕೆಳಗೆ ಇಡುತ್ತಿದ್ದರು. ಬೀದಿಯ ಚರಂಡಿ ನಾತ ಬಂದಾಗ, ತಲೆ ಸುತ್ತಿದಾಗ ಮೂಗಿಗೆ ಹಿಡಿಯೋದು. ಹುಳಿ ಬೆಳ್ಳಿಯನ್ನು ತಿನ್ನದಿರಲಿ ಅಂತ ಒಳಗೆ ಚಿನ್ನದ ಗಿಲೀಟು, ಅದೇ ನೀವು ನೋಡಿದ ಹಳದಿ.

ಅಕ್ಕಸಾಲಿಗರು ಸುಳ್ಳು ಹೇಳಿಲ್ಲ, ತೂಕದಲ್ಲಿ ಏನೂ ಇಲ್ಲ. ಆದರೆ ಇದನ್ನು ತೂಗಬಾರದು, ಓದಬೇಕು. ಭೂತಗನ್ನಡಿ ಹಿಡಿದು ಬೆಳ್ಳಿಯ ಮೇಲೆ ಒತ್ತಿರುವ ಪುಟ್ಟ ಮುದ್ರೆಗಳನ್ನು ನೋಡಿ. ನಡೆಯುವ ಸಿಂಹ ಇದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಲಂಗರು ಇದ್ದರೆ ಮಗಳ ಊರಿನದೇ. ಸಮುದ್ರವೇ ಇಲ್ಲದ ಊರಿಗೆ ಲಂಗರು ಯಾಕೆ ಅಂದರೆ, ಲಂಡನ್ನಿನ 'ಕ್ರೌನ್ ಅಂಡ್ ಆಂಕರ್' (ಕಿರೀಟ ಮತ್ತು ಲಂಗರು) ಅನ್ನೋ ಹೋಟೆಲಿನ ಹೆಸರನ್ನು ಶೆಫೀಲ್ಡ್ ಊರಿನವರೂ ಇವರೂ ಹಂಚಿಕೊಂಡರು, ಕಿರೀಟ ಅವರಿಗೆ, ಲಂಗರು ಇವರಿಗೆ ಅಂತ ಒಂದು ಕಥೆ ಇದೆ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. 1773ರಲ್ಲಿ ಈ ಎರಡೂ ಊರಿಗೆ ಬೆಳ್ಳಿಯ ಶುದ್ಧತೆ ನೋಡಿ ಮುದ್ರೆ ಹಾಕುವ ಪರೀಕ್ಷಾ ಕಚೇರಿ ಬಂತು. ಅದಕ್ಕೆ ಹಟ ಹಿಡಿದು ಓಡಾಡಿದವರು ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆದಾರ ಮ್ಯಾಥ್ಯೂ ಬೌಲ್ಟನ್. ಅಲ್ಲಿಯವರೆಗೆ ಮುದ್ರೆ ಹಾಕಿಸಲು ಮಾಲನ್ನು ದೂರದ ಚೆಸ್ಟರ್‌ಗೋ ಲಂಡನ್ನಿಗೋ ಕಳಿಸಬೇಕಿತ್ತು.

ರಾಜನೋ ರಾಣಿಯೋ ತಲೆ ಇದ್ದರೆ 1784ರಿಂದ 1890ರ ನಡುವಿನದು, ಸುಂಕ ಕಟ್ಟಿದ ಗುರುತು. ವರ್ಷ ಬೇಕಾದರೆ ಮುದ್ರೆಗಳ ಸಾಲಿನಲ್ಲಿರುವ ಒಂಟಿ ಇಂಗ್ಲಿಷ್ ಅಕ್ಷರ ನೋಡಿ, ಆದರೆ ಒಂದೇ ಅಕ್ಷರಕ್ಕೆ ಲಂಡನ್ನಿನಲ್ಲಿ ಒಂದು ವರ್ಷ, ಬರ್ಮಿಂಗ್‌ಹ್ಯಾಮ್‌ನಲ್ಲಿ ಇನ್ನೊಂದು ವರ್ಷ, ಊರಿನ ಪಟ್ಟಿ ನೋಡದೆ ಹೇಳಲು ಹೋಗಬೇಡಿ. ತಳ, ಮುಚ್ಚಳ, ಜಾಲರಿ ಮೂರರ ಮುದ್ರೆಗೂ ತಾಳೆ ಆಗಬೇಕು. ಜಾಲರಿಯಲ್ಲಿ ಬರೀ ಸಿಂಹ ಇದ್ದರೂ ಪರವಾಗಿಲ್ಲ. ಮುಚ್ಚಳದ ಮೇಲೆ ವಿಂಡ್ಸರ್ ಕೋಟೆಯಂಥ ಕಟ್ಟಡ ಉಬ್ಬಿಕೊಂಡಿದ್ದು, ಮುದ್ರೆಗಳ ಪಕ್ಕದಲ್ಲಿ 'ಎನ್‌ಎಂ' ಅಂತ ಇಂಗ್ಲಿಷ್ ಅಕ್ಷರಗಳಿದ್ದರೆ ನನಗೆ ಕೂಡಲೇ ಬರೆಯಿರಿ. ಬರ್ಮಿಂಗ್‌ಹ್ಯಾಮ್‌ನ ಬೆಳ್ಳಿ ಕೆಲಸಗಾರ ನಥಾನಿಯಲ್ ಮಿಲ್ಸ್‌ನ ಅಂಥ ಡಬ್ಬಿಗೆ ಸಂಗ್ರಹಕಾರರು ಮುಗಿಬೀಳುತ್ತಾರೆ.

ಪ್ರಶ್ನೆ: ಚಿಪ್ಪಿನ ಆಕಾರದ, ಗಿಡ್ಡ ಹಿಡಿಯ ಚಮಚ ಸಿಕ್ಕಿದೆ. ಮಗುವಿಗೆ ಔಷಧಿ ಕುಡಿಸೋದಾ? (ಲಂಡನ್ನಿನಿಂದ ಒಬ್ಬ ಕನ್ನಡಿಗ)

ಉತ್ತರ: ಚಹಾಸೊಪ್ಪು ಅಳೆಯೋದು. ಹದಿನೆಂಟನೇ ಶತಮಾನದ ಬ್ರಿಟನ್ನಿನಲ್ಲಿ ಚಹಾ ಎಷ್ಟು ದುಬಾರಿ ಅಂದರೆ ಡಬ್ಬಿಗೆ ಬೀಗ, ಕೀಲಿ ಯಜಮಾನಿ ಕೈಯಲ್ಲಿ. ಡಬ್ಬಿಯೊಳಗೇ ಕೂರಬೇಕಲ್ಲ, ಅದಕ್ಕೇ ಹಿಡಿ ಗಿಡ್ಡ. 1784ರಲ್ಲಿ ಚಹಾ ಸುಂಕ ಶೇ. 119ರಿಂದ 12.5ಕ್ಕೆ ಇಳಿಯಿತು. ತಮಾಷೆ ನೋಡಿ, ಅದೇ ವರ್ಷ ಬೆಳ್ಳಿಗೆ ಔನ್ಸಿಗೆ ಆರು ಪೆನ್ಸ್ ಸುಂಕ ಬಿತ್ತು! ಚಿಪ್ಪು, ಎಲೆ, ಕುದುರೆ ಸವಾರನ ಟೋಪಿ, ಹೀಗೆ ಹತ್ತಾರು ಆಕಾರಗಳಿವೆ. ಟೋಪಿಯದ್ದನ್ನು ಜಾಸ್ತಿ ನಕಲು ಮಾಡುತ್ತಾರೆ, ಹುಷಾರು. 'ಇಪಿಎನ್‌ಎಸ್' ಅಂತ ಇದ್ದರೆ ಅದು ನಿಕ್ಕಲ್ ಬೆರಕೆ ಲೋಹದ ಮೇಲೆ ಬೆಳ್ಳಿ ಲೇಪ, ಅಷ್ಟೇ.

ಪ್ರಶ್ನೆ: ಹಳೇ ಬ್ರಿಟಿಷ್ ಚಮಚಗಳನ್ನು ದೇವರ ಸಾಮಾನಿನಂತೆ ವಿಭೂತಿ ಹಾಕಿ ತಿಕ್ಕಬಹುದೇ? (ಮೈಸೂರಿನ ಓದುಗರು)

ಉತ್ತರ: ದಯವಿಟ್ಟು ಬೇಡ. ನಾನು ಮಾಡಿದ್ದೇನೆ, ಅದಕ್ಕೇ ಹೇಳ್ತಿದ್ದೀನಿ. ಬೆರಳುದ್ದದ ಉಪ್ಪಿನ ಚಮಚ, ಉಪ್ಪು ಬೆಳ್ಳಿಯನ್ನು ಕೊರೆಯುತ್ತೆ ಅಂತ ಅದರ ಗುಳಿಯ ಭಾಗಕ್ಕೆ ಗಿಲೀಟು ಹಾಕಿರುತ್ತಾರೆ. ಕೊಳೆ ಅಂದುಕೊಂಡು ಹತ್ತು ನಿಮಿಷ ತಿಕ್ಕಿದೆ, ಬಟ್ಟೆಗೆ ಹಳದಿ ಹತ್ತಿದ ಮೇಲೆ ತಿಳಿಯಿತು. ಹಿಂದಿನ ಸಿಂಹವೂ ಅರ್ಧ ಸವೆದು ನಾಯಿಮರಿಯಂತೆ ಆಗಿದೆ. ಉಗುರುಬೆಚ್ಚಗಿನ ನೀರು, ಒಂದು ತೊಟ್ಟು ಪಾತ್ರೆ ಸೋಪು, ಮೆತ್ತನೆ ಹತ್ತಿಬಟ್ಟೆ ಸಾಕು. ಕೆತ್ತನೆಯ ಸಂದಿಯ ಕಪ್ಪು ಹಾಗೇ ಇರಲಿ, ಚಿತ್ರ ಎದ್ದು ಕಾಣೋದೇ ಅದರಿಂದ. ಚಮಚಗಳನ್ನು ಕಟ್ಟಿಡಲು ರಬ್ಬರ್ ಬ್ಯಾಂಡ್ ಬಳಸಬೇಡಿ, ಅದರಲ್ಲಿನ ಗಂಧಕಕ್ಕೆ ಬೆಳ್ಳಿಯ ಮೇಲೆ ಕಪ್ಪು ಗೆರೆ ಬೀಳುತ್ತೆ.